ಪಟದಲ್ಲಿ ಇಲ್ಲದ ಜೋಡಿ

ನನ್ನ ವಾರಿಗೆಯ ಹಳೆಯ ಪೈಲ್ವಾನರು ಸೇರಿದಾಗಲೆಲ್ಲ, ಮೈಸೂರು ಕುಸ್ತಿಗೊಂದು ಮ್ಯೂಸಿಯಂ ಆಗಬೇಕು ಎಂಬ ಮಾತು ಬಂದೇ ಬರುತ್ತದೆ. ಅದು ಆಗಲೇ ಇದೆ, ಹಳೆಯ ಕೇರಿಗಳ ಗರಡಿ ಗೋಡೆಗಳ ಮೇಲೆ ಹಂಚಿಹೋಗಿದೆ ಎನ್ನುವುದು ನನ್ನ ವಾದ.

ನಮ್ಮ ಗರಡಿಯ ಬಾಗಿಲು ಕುಳ್ಳು. ಎಂಥ ಆಜಾನುಬಾಹುವಾದರೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಹನುಮ, ಗದೆ, ಕರೇಲಾ, ಕಲ್ಲುಗುಂಡು, ನಡುವೆ ಕೆಮ್ಮಣ್ಣಿನ ಮಟ್ಟಿ. ಎಣ್ಣೆ, ಅರಿಶಿನ, ಕುಂಕುಮ, ಕರ್ಪೂರ ಬೆರೆತ ಆ ಮಣ್ಣನ್ನು ಅಗೆದು ಹದ ಮಾಡುವುದೇ ಹೊಸ ಹುಡುಗರ ಮೊದಲ ಪಾಠ. ಪಟ್ಟು ಕಲಿಯುವುದು ಆಮೇಲೆ.

ಗೋಡೆಯ ತುಂಬ ಪಟಗಳು. ಎಲ್ಲಕ್ಕಿಂತ ಮೇಲೆ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ಅವರು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದ ಕತೆ ನಮಗೆ ಬಸ್ಕಿ ಹೊಡೆಯುವಾಗಲೇ ಕಂಠಪಾಠವಾಗಿತ್ತು. ಅದರ ಕೆಳಗೆ ಗರಡಿಯ ಮಕ್ಕಳು: ಲಂಗೋಟಿ ಬಿಗಿದು, ಎದೆಯುಬ್ಬಿಸಿ, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ನಿಂತವರು. ಕೆಲವರ ತಲೆಗೆ ಪೇಟ, ಹೆಗಲಿಗೆ ಬೆಳ್ಳಿ ಗದೆ. ಪಟದಡಿಯಲ್ಲಿ ಪೈಲ್ವಾನನ ಹೆಸರಿಗಿಂತ ಗರಡಿಯ ಹೆಸರೇ ದಪ್ಪಕ್ಷರದಲ್ಲಿ.

ಆದರೆ ಎಲ್ಲ ಪಟಗಳಲ್ಲೂ ಪೈಲ್ವಾನ ಒಬ್ಬನೇ. ಯಾರ ಮೇಲೆ ಗೆದ್ದ ಎಂಬುದಕ್ಕೆ ಗುರುತೇ ಇಲ್ಲ. ಕುಸ್ತಿಯ ನಿಜವಾದ ಕಸುಬು ಇದ್ದದ್ದು ಜೋಡಿ ಕಟ್ಟುವುದರಲ್ಲಿ. ದಸರಾ ಹತ್ತಿರ ಬಂದಂತೆ ಬೇರೆ ಬೇರೆ ಗರಡಿಗಳ ಉಸ್ತಾದರು ಒಂದೆಡೆ ಕೂರುತ್ತಿದ್ದರು. ಹುಡುಗರು ಅಂಗಿ ಕಳಚಿ ಎದುರುಬದುರು ನಿಲ್ಲಬೇಕು. ಉಸ್ತಾದರ ಕಣ್ಣು ಕತ್ತು, ಹೆಗಲು, ಮಣಿಕಟ್ಟು, ತೊಡೆಗಳ ಮೇಲೆ ಹರಿದಾಡಿ ಕೊನೆಗೆ ನಡಿಗೆಯ ಮೇಲೆ ನಿಲ್ಲುತ್ತಿತ್ತು. ತೂಕ ಒಂದೇ ಇದ್ದರೂ ಒಬ್ಬನಿಗೆ ದಮ್ಮು ಹೆಚ್ಚು, ಇನ್ನೊಬ್ಬನಿಗೆ ಪಟ್ಟು ಹೆಚ್ಚು. ಇವೆರಡನ್ನೂ ತೂಗಿ, ಇಬ್ಬರ ಕೈ ಕೂಡಿಸಿದರೆ ಜೋಡಿ ಆಯಿತು. ಆಗಿನ ನಾಡಕುಸ್ತಿಗೆ ಗಡಿಯಾರದ ಹಂಗಿಲ್ಲ; ಯಾರಾದರೂ ಚಿತ್ ಆಗುವವರೆಗೆ ನಡೆಯಬೇಕು. ಜೋಡಿ ತಪ್ಪಿ ಕುಸ್ತಿ ಕ್ಷಣದಲ್ಲಿ ಮುಗಿದರೆ ಜನ ನಗುತ್ತಿದ್ದದ್ದು ಬಿದ್ದವನನ್ನು ನೋಡಿ ಅಲ್ಲ, ಕಟ್ಟಿದವರನ್ನು ನೋಡಿ.

ಆಮೇಲೆ ಮ್ಯಾಟ್ ಬಂತು. ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟು, ತೂಕದ ವಿಭಾಗ. ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾಕ್ಕೆ ಬೇಕಾದದ್ದು ಮ್ಯಾಟ್ ಮೇಲೆ ಗೆದ್ದ ಸರ್ಟಿಫಿಕೇಟು. ಮಣ್ಣಿನಲ್ಲಿ ಗೆದ್ದ ಗದೆಯನ್ನು ಯಾವ ಕಚೇರಿಯೂ ಕೇಳುವುದಿಲ್ಲ. ಹೊಟ್ಟೆಪಾಡಿನ ಲೆಕ್ಕ ಅರಿತ ಹುಡುಗರು ಅತ್ತ ಹೋದರು. ಬಾದಾಮಿ, ಹಾಲು, ತುಪ್ಪದ ಖರ್ಚು ಮನೆಯವರ ಕೈ ಮೀರಿತು. ಪಕ್ಕದ ಕೇರಿಯ ಗರಡಿಯ ಜಾಗದಲ್ಲಿ ಅಂಗಡಿಸಾಲು ಎದ್ದಿತು. ನಮ್ಮಲ್ಲಿ ಅರ್ಧ ಮಟ್ಟಿಗೆ ಸಿಮೆಂಟು ಹಾಕಿ ಜಿಮ್ ಯಂತ್ರ ಇಟ್ಟರು. ಉಳಿದರ್ಧಕ್ಕೆ ದಸರೆಯ ಮುಂಚೆ ಮಾತ್ರ ಸನಿಕೆ ತಾಗುತ್ತದೆ.

ದಸರಾ ಕುಸ್ತಿ ನಿಂತಿಲ್ಲ. ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಇಂದಿಗೂ ಜನ ಸೇರುತ್ತಾರೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಕನ್ನಡಿ ತೊಟ್ಟಿಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ನಡೆಯುತ್ತದೆ. ಜೋಡಿ ಕಟ್ಟುವ ಶಾಸ್ತ್ರವೂ ಉಂಟು. ಆದರೆ ಹುಡುಗರು ಈಗ ಆಧಾರ್ ಕಾರ್ಡ್ ಹಿಡಿದು ತೂಕದ ಯಂತ್ರ ಹತ್ತುತ್ತಾರೆ. ಯಂತ್ರ ಯಾರ ಮುಲಾಜೂ ನೋಡುವುದಿಲ್ಲ, ದೊಡ್ಡ ಗರಡಿಯ ಹುಡುಗನಿಗೆ ಸುಲಭದ ಜೋಡಿ ಕೊಡುವುದಿಲ್ಲ. ಅದು ಒಳ್ಳೆಯದೇ. ದಮ್ಮು ಮಾತ್ರ ಅದಕ್ಕೆ ಕಾಣುವುದಿಲ್ಲ.

ಮ್ಯಾಟ್ ಮಾಡಿದ ದೊಡ್ಡ ಉಪಕಾರವೆಂದರೆ ಹೆಣ್ಣುಮಕ್ಕಳಿಗೆ ದಾರಿ ತೆರೆದದ್ದು. ಗರಡಿಯೊಳಗೆ ಹೆಂಗಸರು ಕಾಲಿಡಬಾರದೆಂಬುದು ಹಳೆಯ ಕಟ್ಟಳೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿ 2004ರಲ್ಲಿ ಬಂತು. ಈಗ ದಸರೆಯಲ್ಲೂ ಹುಡುಗಿಯರಿಗೆಂದೇ ‘ದಸರಾ ಕಿಶೋರಿ’ ಪ್ರಶಸ್ತಿ ಇದೆ.

ಈಚೆಗೆ ನಮ್ಮ ಉಸ್ತಾದರ ಮೊಮ್ಮಗಳು ಒಂದು ಪಂದ್ಯ ಗೆದ್ದಳು. ಅವಳ ಪಟ ಗೋಡೆಗೆ ಬಂತು. ನಡುವೆ ರೆಫರಿ, ಒಂದು ಬದಿಗೆ ಕೆಂಪು ಅಂಗಿಯಲ್ಲಿ ಕೈ ಎತ್ತಿಸಿಕೊಂಡ ಇವಳು, ಇನ್ನೊಂದು ಬದಿಗೆ ನೀಲಿ ಅಂಗಿಯ ಎದುರಾಳಿ. ಸೋತವಳ ಪಟ ನಮ್ಮ ಗರಡಿಯಲ್ಲೇಕೆ, ಕತ್ತರಿಸಿ ಹಾಕಿ ಎಂದರು ಒಬ್ಬ ಹಿರಿಯರು. “ಜೋಡಿ ಇಲ್ಲದ ಕುಸ್ತಿ ಯಾವುದಯ್ಯಾ?” ಎಂದು ಉಸ್ತಾದರು ಅವರ ಬಾಯಿ ಮುಚ್ಚಿಸಿದರು. ಪಟ ಇಡಿಯಾಗಿಯೇ ಗೋಡೆ ಏರಿತು. ಅದರಲ್ಲಿರುವ ಹುಡುಗಿಗೆ ಮಾತ್ರ ಪ್ರವೇಶ ಇನ್ನೂ ಹೊಸಿಲವರೆಗೆ. ಆ ಜಗಳ ಬರುವ ದಸರೆಗೂ ಮುಗಿಯುವ ಹಾಗೆ ಕಾಣುವುದಿಲ್ಲ. ಈ ಸಲ ಉಸ್ತಾದರು ಮೊಮ್ಮಗಳ ಕಡೆಗಿದ್ದಾರೆ.