ಕೀಬೋರ್ಡಿನ ನೆನಪು ಎಷ್ಟು ಕಾಲ?

ಗೃಹಸ್ಥನಾದವನು ಮನೆಗೆ ಒಂದು ಪದಾರ್ಥವನ್ನು ಕೊಳ್ಳುವಾಗ ಬೆಲೆಯನ್ನು ವಿಚಾರಿಸುವನು. ಆಮೇಲೆ ಅದು ಎಷ್ಟು ಕಾಲ ಬಾಳುವುದೆಂದು ಕೇಳುವನು. ತಾಮ್ರದ ಹಂಡೆಯ ವಿಷಯದಲ್ಲಿಯೂ ತೇಗದ ಮಂಚದ ವಿಷಯದಲ್ಲಿಯೂ ಈ ಪ್ರಶ್ನೆಗೆ ಉತ್ತರವು ಸುಲಭ. ಆದರೆ ಈಗ ಅನೇಕ ಮನೆಗಳಲ್ಲಿ ಹಾರ್ಮೋನಿಯಂ ಇದ್ದ ಸ್ಥಳದಲ್ಲಿ ಬಂದು ಕುಳಿತಿರುವ ವಿದ್ಯುತ್ ಕೀಬೋರ್ಡಿನ ವಿಷಯದಲ್ಲಿ ಪ್ರಶ್ನೆಯು ಎರಡಾಗುವುದು. ವಾದ್ಯವು ಎಷ್ಟು ಕಾಲ ಬಾಳುವುದೆಂಬುದು ಒಂದು; ಅದರೊಳಗೆ ನಾವು ಇಟ್ಟ ನೆನಪು ಎಷ್ಟು ಕಾಲ ಬಾಳುವುದೆಂಬುದು ಇನ್ನೊಂದು. ಮೊದಲನೆಯದಕ್ಕೆ ಅಂಗಡಿಯವನು ಉತ್ತರ ಕೊಡುವನು. ಎರಡನೆಯದನ್ನು ಕೇಳುವವರೇ ವಿರಳ.

ನಾವು ಮೂವತ್ತು ವರ್ಷ ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರು, ಯಂತ್ರವಿದ್ಯೆಯಲ್ಲಿ ಪಂಡಿತರಲ್ಲ. ಈ ವಿಚಾರಕ್ಕೆ ನಮ್ಮನ್ನು ಎಳೆದುದು ಮನೆಯ ಕಾರಣ. ನಮ್ಮ ಸಹಧರ್ಮಿಣಿಯು ಸಂಗೀತ ಬಲ್ಲವಳು. 2010ರಲ್ಲಿ ಒಂದು ಕೀಬೋರ್ಡನ್ನು ತರಿಸಿಕೊಂಡು, ಬೀದಿಯ ಮಕ್ಕಳಿಗೆ ಸಾಯಂಕಾಲ ಪಾಠ ಹೇಳುತ್ತಿದ್ದಳು. ಮಕ್ಕಳು ಕೇಳಿ ಕಲಿಯಲೆಂದು ಐದು ಹಾಡುಗಳನ್ನು ತಾನೇ ನುಡಿಸಿ ಅದರ ನೆನಪಿನಲ್ಲಿ ಇಟ್ಟಿದ್ದಳು. 2021ರಲ್ಲಿ ಅವಳು ನಮ್ಮನ್ನು ಅಗಲಿದಳು. ಆ ಮೇಲೆ ನಮ್ಮ ಮೊಮ್ಮಗಳು ಆಗಾಗ ಬಂದು, “ತಾತ, ಅಜ್ಜಿಯ ಹಾಡು ಹಾಕು” ಎನ್ನುವಳು. ಗುಂಡಿಯೊತ್ತಿದರೆ ಹಾಡು ಬರುವುದು. ಎಷ್ಟು ದಿನ ಬರುವುದು? ಇದನ್ನು ತಿಳಿಯದೆ ಸುಮ್ಮನಿರುವುದು ನಮ್ಮಿಂದಾಗಲಿಲ್ಲ.

ಮೊದಲು ತಿಳಿದ ಸಂಗತಿಯೇ ನಮ್ಮನ್ನು ಬೆರಗುಗೊಳಿಸಿತು. ಇಂತಹ ವಾದ್ಯದ ನೆನಪಿನಲ್ಲಿ ಸಾಮಾನ್ಯವಾಗಿ ಇರುವುದು ನಾದವಲ್ಲ. ಯಾವ ಕೀಯನ್ನು, ಯಾವ ಕ್ಷಣದಲ್ಲಿ, ಎಷ್ಟು ಬಿರುಸಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬ ಲೆಕ್ಕವಷ್ಟೇ ಅಲ್ಲಿರುವುದು. 1983ರಲ್ಲಿ ವಾದ್ಯ ತಯಾರಕರು ಒಪ್ಪಿಕೊಂಡ ಮಿಡಿ ಎಂಬ ಪದ್ಧತಿಯಲ್ಲಿ ಒತ್ತಿನ ಬಿರುಸನ್ನು 127ರವರೆಗಿನ ಅಂಕಿಗಳಿಂದ ಗುರುತಿಸುವರು. ಆದಕಾರಣ ಅಲ್ಲಿ ಉಳಿದಿರುವುದು ಹಾಡಿಗಿಂತಲೂ ಹತ್ತಿರದ ವಸ್ತು: ನುಡಿಸಿದವರ ಬೆರಳಿನ ನಡೆ.

ಈ ಲೆಕ್ಕವನ್ನು ಹಿಡಿದಿಡುವುದು ಫ್ಲ್ಯಾಶ್ ಎಂಬ ಚಿಪ್ಪು. ಅದರ ಮೂಲತತ್ತ್ವವನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಾವೋನ್ ಕಾಂಗ್ ಮತ್ತು ಸೈಮನ್ ಸ್ಜೆ ಎಂಬವರು ಪ್ರಕಟಿಸಿದರು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುವೋಕ ಎಂಬವರು 1984ರಲ್ಲಿ ಫ್ಲ್ಯಾಶನ್ನು ಲೋಕದ ಮುಂದಿಟ್ಟರು. ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮವಾದ ಕೋಶಗಳುಂಟು. ಒಂದೊಂದು ಕೋಶವೂ ಬಾಗಿಲಿಲ್ಲದ ಕಣಜದಂತೆ. ಬಲವಾದ ವಿದ್ಯುತ್ತಿನ ಒತ್ತಡದಿಂದ ಎಲೆಕ್ಟ್ರಾನುಗಳನ್ನು ಗೋಡೆಯ ಮೂಲಕವೇ ಒಳಕ್ಕೆ ತಳ್ಳುವರು; ಒತ್ತಡವು ನಿಂತ ಮೇಲೆ ಅವು ಅಲ್ಲಿಯೇ ಸೆರೆಯಾಗಿ ಉಳಿಯುವುವು. ಸೆರೆಯಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ವಿದ್ಯುತ್ತು ಇಲ್ಲದಿದ್ದರೂ ನೆನಪು ಅಳಿಯದಿರುವುದಕ್ಕೆ ಇದೇ ಕಾರಣ.

ಆದರೆ ಆ ಗೋಡೆಯ ದಪ್ಪವು ಹತ್ತು ನ್ಯಾನೋಮೀಟರಿನ ಆಸುಪಾಸು. ನ್ಯಾನೋಮೀಟರೆಂದರೆ ಮೀಟರಿನಲ್ಲಿ ನೂರು ಕೋಟಿಯ ಒಂದು ಪಾಲು. ಪ್ರತಿಯೊಂದು ಸಲ ಬರೆದು ಅಳಿಸುವಾಗಲೂ ಗೋಡೆಯು ಸ್ವಲ್ಪ ಸ್ವಲ್ಪವಾಗಿ ಶಿಥಿಲವಾಗುವುದು. ಕೋಶಕ್ಕೆ ಒಂದೇ ಬಿಟ್ಟನ್ನು ಇಡುವ ಚಿಪ್ಪು ಸುಮಾರು ಒಂದು ಲಕ್ಷ ಸಲ ತಾಳಬಲ್ಲುದು. ಮೂರು ಬಿಟ್ಟುಗಳನ್ನು ತುಂಬುವ ಅಗ್ಗದ ಚಿಪ್ಪು ಒಂದರಿಂದ ಮೂರು ಸಾವಿರ ಸಲ. ಹಾಡನ್ನು ಎಷ್ಟು ಸಲ ಕೇಳಿದರೂ ಸವೆತವು ಗಣನೆಗೆ ಬಾರದಷ್ಟು ಅಲ್ಪ; ಸವೆಯಿಸುವುದು ಬರೆಯುವಿಕೆ. ವಾದ್ಯದಲ್ಲಿ ಬರೆಯುವುದು ಅಪರೂಪವಾದಕಾರಣ ಗೃಹಸ್ಥನು ಈ ಲೆಕ್ಕಕ್ಕೆ ಹೆದರಬೇಕಾದುದಿಲ್ಲ.

ಹೆದರಬೇಕಾದುದು ಕಾಲಕ್ಕೆ. ಗೋಡೆಯು ಎಷ್ಟೇ ಗಟ್ಟಿಯಾಗಿದ್ದರೂ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರುವುವು. ಸೆಕೆಯು ಹೆಚ್ಚಿದಷ್ಟೂ ಬೇಗ ಸೋರುವುವು. ಹೆಚ್ಚು ಸವೆಯದ ಚಿಪ್ಪಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಅವಧಿ ಹತ್ತರಿಂದ ಇಪ್ಪತ್ತು ವರ್ಷ. ಕಂಪ್ಯೂಟರುಗಳ ಎಸ್.ಎಸ್.ಡಿ. ಪೆಟ್ಟಿಗೆಗಳಿಗಾದರೋ, ತಮಗೆ ವಿಧಿಸಿದಷ್ಟು ಬರೆದು ಮುಗಿದ ಮೇಲೆ, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ವರ್ಷ ನೆನಪು ಉಳಿಯಬೇಕೆಂಬುದು ಗೃಹೋಪಯೋಗದ ಅಳತೆಗೋಲು. ನಮ್ಮ ಬೇಸಗೆಯಲ್ಲಿ ಅಟ್ಟದ ಮೇಲಿನ ಶಾಖ ಎಷ್ಟೆಂದು ವಾಚಕರೇ ಊಹಿಸಿಕೊಳ್ಳಬಹುದು.

ಹಿಂದಿನ ವಾದ್ಯಗಳ ಸ್ಥಿತಿಯು ಇದಕ್ಕಿಂತ ಮೇಲಾಗಿದ್ದಿತೆಂದು ತಿಳಿಯಬೇಡಿರಿ. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಎಂಬ ಪ್ರಸಿದ್ಧ ವಾದ್ಯವು 32 ಧ್ವನಿಗಳನ್ನು ಒಂದು ಚಿಕ್ಕ ಬ್ಯಾಟರಿಯ ಆಧಾರದಿಂದ ನೆನಪಿನಲ್ಲಿಟ್ಟುಕೊಂಡಿತ್ತು; ಬ್ಯಾಟರಿಯು ಸತ್ತರೆ ಬಳಕೆದಾರನು ಕೂಡಿಸಿಟ್ಟುದೆಲ್ಲ ಹೋಗುವುದು. ಅನಂತರ ಬಂದ ಫ್ಲಾಪಿ ತಟ್ಟೆಗಳನ್ನು ಬೂಷ್ಟು ತಿಂದಿತು. 2011ರಲ್ಲಿ ಬಂದ ಕೋರ್ಗ್ ಕ್ರೋನೋಸ್ ಎಂಬ ವಾದ್ಯದಲ್ಲಿ 30 ಗಿಗಾಬೈಟಿನ ಎಸ್.ಎಸ್.ಡಿ.ಯನ್ನೇ ಒಳಗೆ ಇಟ್ಟರು. ತಿರುಗುವ ತಟ್ಟೆಯಿಲ್ಲ, ಚಲಿಸುವ ಸೂಜಿಯಿಲ್ಲ. ಗಾಡಿಯ ಕುಲುಕಾಟಕ್ಕೆ ಅಂಜಬೇಕಾದುದಿಲ್ಲ. ಇದು ನಿಜವಾದ ಸುಧಾರಣೆ. ಆದರೂ “ಘನ” ಎಂಬ ಹೆಸರನ್ನು ಕೇಳಿ “ಶಾಶ್ವತ” ಎಂದು ಅರ್ಥಮಾಡುವುದು ಅಪಾರ್ಥ.

ಹಾಗಾದರೆ ಉಳಿಯುವುದು ಯಾವುದು? ಇಲ್ಲಿ ನಮಗೆ ತಿಳಿದ ಶಾಸ್ತ್ರವೇ ನೆರವಾಯಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಯ ಪ್ರತಿಯಿಂದ ಉದ್ಧರಿಸಿ 1909ರಲ್ಲಿ ಮುದ್ರಿಸಿದರು. ಆ ಓಲೆಯೇನು ಕೌಟಿಲ್ಯನ ಕಾಲದ್ದಲ್ಲ. ಓಲೆಯು ಜೀರ್ಣವಾಗುವುದಕ್ಕೆ ಮೊದಲೇ ಯಾರೋ ಪುಣ್ಯಾತ್ಮನು ಹೊಸ ಓಲೆಗೆ ನಕಲು ಮಾಡಿದನು. ಅದು ಜೀರ್ಣವಾಗುವ ಮೊದಲು ಇನ್ನೊಬ್ಬನು. ಗ್ರಂಥವನ್ನು ಉಳಿಸಿದುದು ಓಲೆಯ ಗಟ್ಟಿತನವಲ್ಲ, ನಕಲು ಮಾಡಿದವರ ಶ್ರದ್ಧೆ. ವೇದವನ್ನು ಕಾಪಾಡಿದವರು ಇನ್ನೂ ಎಚ್ಚರವುಳ್ಳವರು. ಪದ, ಕ್ರಮ, ಜಟೆ, ಘನ ಎಂದು ಅದೇ ಪದಗಳನ್ನು ಬೇರೆ ಬೇರೆ ಜೋಡಣೆಯಲ್ಲಿ ಹೇಳಿಸಿ, ಒಂದೆಡೆ ತಪ್ಪಿದರೆ ಇನ್ನೊಂದೆಡೆ ಗೊತ್ತಾಗುವಂತೆ ಮಾಡಿದರು. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನು ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತಗಳನ್ನು ಪ್ರಕಟಿಸಿದನು. ಆ ವರ್ಗದ ಉಪಾಯಗಳಿಂದಲೇ ಇಂದಿನ ಎಸ್.ಎಸ್.ಡಿ.ಗಳು ಅಲ್ಪಸ್ವಲ್ಪ ಸೋರಿಕೆಯನ್ನು ಸರಿಪಡಿಸಿಕೊಳ್ಳುವುವು. ದಾರಿಗಳು ಬೇರೆಯಾದರೂ ಹೆಚ್ಚಿನ ಗುರುತುಗಳನ್ನಿಟ್ಟು ತಪ್ಪನ್ನು ಹಿಡಿಯುವ ಯುಕ್ತಿಯು ಒಂದೇ.

ಆದಕಾರಣ 2024ರ ದಸರೆಯ ರಜದಲ್ಲಿ, ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಸೋದರಳಿಯನು ಬಂದಾಗ, ನಕಲಿನ ಕಾರ್ಯವನ್ನು ಅವನಿಗೆ ಒಪ್ಪಿಸಿದೆವು. ಅವನು ತಂತಿಯನ್ನು ಜೋಡಿಸಿ ಐದು ಹಾಡುಗಳನ್ನೂ ಎಲ್ಲ ಯಂತ್ರಗಳೂ ಓದಬಲ್ಲ ಮಿಡಿ ಕಡತಗಳಾಗಿ ಇಳಿಸಿದನು. ಒಂದೂ ಕೆಟ್ಟಿರಲಿಲ್ಲ. ನಾವು ಮೂಲವನ್ನೂ ನಕಲನ್ನೂ ಒಂದಾದ ಮೇಲೊಂದು ಕೇಳಿ ತಾಳೆ ನೋಡಿದೆವು. ಐದನೆಯ ಹಾಡಿನ ಚರಣದಲ್ಲಿ ಅವಳು ಒಂದು ಕಡೆ ಕ್ಷಣಕಾಲ ತಡೆದು ಮುಂದಕ್ಕೆ ನಡೆದಿದ್ದಾಳೆ. ಆಗ ಯಾವುದೋ ಮಗು ಏನನ್ನೋ ಕೇಳಿರಬೇಕು. ಅಳಿಯನು, “ಮಾವ, ಇಲ್ಲಿ ತಾಳ ಜಾರಿದೆ. ಒಂದು ಗುಂಡಿಯೊತ್ತಿದರೆ ಸರಿಯಾಗುತ್ತದೆ, ಸರಿಮಾಡಲೇ?” ಎಂದು ಕೇಳಿದನು.

ನಾವು ಬೇಡವೆಂದೆವು. ಹುಳು ತಿಂದ ಓಲೆಯಲ್ಲಿ ಇಲ್ಲದುದು ಇಲ್ಲವೆಂದಾದರೂ ಕಾಣುವುದು. ತಿಳಿದವನೆಂಬ ಧೈರ್ಯದಿಂದ ಲಿಪಿಕಾರನು ತಿದ್ದಿದ ಪಾಠದಲ್ಲಿ ಹೋದುದು ಹೋಯಿತೆಂದೇ ತಿಳಿಯದು. ಆ ತಡೆಯು ಇರುವುದರಿಂದಲೇ ಅದು ಅವಳ ಹಾಡು.

ಇಂತಹ ವಾದ್ಯವುಳ್ಳ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟು. ಕಾರ್ಖಾನೆಯಿಂದ ಬಂದ ಧ್ವನಿಗಳ ಚಿಂತೆ ಬೇಡ. ನೀವು ಕೂಡಿಸಿದುದನ್ನು ಮಾತ್ರ ಕಾಪಾಡಿರಿ. ವಾದ್ಯವು ಬರೆಯುತ್ತಿರುವಾಗ ವಿದ್ಯುತ್ತನ್ನು ನಿಲ್ಲಿಸಬೇಡಿರಿ. ಬಿಸಿಲು ತಾಗುವಲ್ಲಿ ಇಡಬೇಡಿರಿ. ಪೆನ್‌ಡ್ರೈವಿಗೆ ನಕಲು ಮಾಡಿ ಬೀರುವಿನಲ್ಲಿಟ್ಟರೆ ಸಾಲದು, ಏಕೆಂದರೆ ಅದರೊಳಗಿರುವುದೂ ಅದೇ ಫ್ಲ್ಯಾಶ್; ಇನ್ನೊಂದು ನಕಲು ಕಂಪ್ಯೂಟರಿನಲ್ಲಿಯೂ ಮತ್ತೊಂದು ಬಂಧುಗಳ ಮನೆಯಲ್ಲಿಯೂ ಇರಲಿ. ಬೇರೆ ವಾದ್ಯದಲ್ಲಿ ಅದೇ ಧ್ವನಿ ದೊರೆಯದಿರಬಹುದಾದ ಕಾರಣ, ನಾದವನ್ನೂ ಒಂದು ಸಲ ಧ್ವನಿಮುದ್ರಿಸಿಕೊಳ್ಳಿರಿ. ಮೂರು ನಾಲ್ಕು ವರ್ಷಗಳಿಗೊಮ್ಮೆ ಹಳೆಯ ನಕಲನ್ನು ತೆರೆದು ಕೇಳಿ, ಹೊಸದಾಗಿ ಬರೆದಿಡಿರಿ. ಕೆಲವು ಎಸ್.ಎಸ್.ಡಿ.ಗಳು ವಿದ್ಯುತ್ತು ಹರಿಯುವಾಗ ಕ್ಷೀಣಿಸಿದ ಕೋಶಗಳನ್ನು ತಾವೇ ಹೊಸದಾಗಿ ಬರೆದುಕೊಳ್ಳುವುವು; ಚಿಕ್ಕ ವಾದ್ಯಗಳಲ್ಲಿಯೂ ಅಂತಹ ಏರ್ಪಾಡು ಇರುವುದೆಂದು ನಂಬಿ ಕೂರಬಾರದು.

ತರ್ಕಶಾಸ್ತ್ರದಲ್ಲಿ ಸ್ಮೃತಿಗೆ ಕಾರಣವಾದ ಸಂಸ್ಕಾರವನ್ನು ಭಾವನೆಯೆಂದು ಕರೆಯುವರು; ಅದು ಆತ್ಮದಲ್ಲಿ ಮಾತ್ರ ಇರತಕ್ಕದ್ದೆಂದು ಹೇಳುವರು. ಚಿಪ್ಪಿನಲ್ಲಿ ಇರುವುದು ಬರಿಯ ಎಲೆಕ್ಟ್ರಾನುಗಳ ಲೆಕ್ಕ. ಅದನ್ನು ಹತ್ತು ವರ್ಷಕ್ಕೂ ಆಚೆಗೆ ದಾಟಿಸಬೇಕೆಂಬ ಮನಸ್ಸು ಯಂತ್ರಕ್ಕೆ ಇಲ್ಲ. ಅದು ಮನೆಯವರಿಗೆ ಇರಬೇಕು.