ಗಿಟಾರಿನ ಜೊತೆಗೆ ಶರೀಫರು

ಶಿಶುನಾಳ ಶರೀಫರ ತತ್ವಪದಗಳನ್ನು ಏಕತಾರಿ, ದಮ್ಮಡಿಗಳ ಜೊತೆ ಭಜನೆಯಲ್ಲಿ ಕೇಳಿ ಬೆಳೆದವರು ನಾವು. 1990ರಲ್ಲಿ ನಾಗಾಭರಣರ ಚಿತ್ರ ಬಂದಾಗ ಸಿ. ಅಶ್ವತ್ಥರು ಅವನ್ನು ಮತ್ತೆ ಮನೆಮಾತಾಗಿಸಿದರು.

ಆಮೇಲೆ ಬಂದದ್ದು ಗಿಟಾರು. 2008ರಲ್ಲಿ ರಘು ದೀಕ್ಷಿತರ ತಂಡದ ಮೊದಲ ಆಲ್ಬಮ್ ಹೊರಬಂತು. ಹೊರತಂದದ್ದು ನಮ್ಮ ಮುಂಬಯಿಯ ವಿಶಾಲ್–ಶೇಖರರ ಸಂಸ್ಥೆ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳು: ಗುಡಗುಡಿಯದೊಂದು, ಸೋರುವ ಮಾಳಿಗೆಯದೊಂದು. 1889ರಲ್ಲಿ ತೀರಿಕೊಂಡ ಸಂತನನ್ನು ರಾಕ್ ವೇದಿಕೆಗೆ ಕರೆತರುವುದು ಸಣ್ಣ ಧೈರ್ಯವಲ್ಲ. ರೋಲಿಂಗ್ ಸ್ಟೋನ್ಸ್ ತಂಡದವರು 2016ರಲ್ಲಿ ಶಿಕಾಗೋದ ಹಳೆಯ ಬ್ಲೂಸ್ ಹಾಡುಗಳಿಗೇ ಒಂದು ಆಲ್ಬಮ್ ಮೀಸಲಿಟ್ಟರಲ್ಲ, ಅದೇ ಬಗೆಯ ಋಣ ಇದು.

ಅಂಬರನಾಥದ ನಮ್ಮ ಮನೆಗಳಲ್ಲಿ ಮಕ್ಕಳ ಜಗಳವೆಲ್ಲ ಮರಾಠಿ, ಹಿಂದಿಯಲ್ಲೇ. ಈ ಪದವನ್ನು ಮಾತ್ರ ಕನ್ನಡದಲ್ಲೇ ಗುನುಗುತ್ತಾರೆ. "ಅಜ್ಜಾ, ಮಾಳಿಗಿ ಅಂದ್ರ ಮಾಳಾ ಏನು?" ಎಂಬ ಪ್ರಶ್ನೆ ಬಂತು. ಮರಾಠಿಯ ಮಾಳಾ ಎಂದರೆ ಕಟ್ಟಡದ ಅಂತಸ್ತು. ಅದು ಸೋರಿದರೆ ಸೊಸೈಟಿಗೆ ಅರ್ಜಿ ಕೊಟ್ಟರಾಯಿತು! ಧಾರವಾಡ ಸೀಮೆಯ ಮಣ್ಣಿನ ಮಾಳಿಗೆ ಹಾಗಲ್ಲ. ಮಳೆಗಾಲಕ್ಕೆ ಮೊದಲೇ ಹೊಸ ಮಣ್ಣು ಹಾಕಿ ತುಳಿಯಬೇಕು. ಮೈಗಳ್ಳತನ ಮಾಡಿದರೆ ರಾತ್ರಿಯಿಡೀ ಸೋರುವಲ್ಲೆಲ್ಲ ಪಾತ್ರೆಯಿಡುವ ಜಾಗರಣೆ. ಇಷ್ಟು ಹೇಳಿದ ಮೇಲೆಯೇ, ಆ ಮನೆ ನಾವೇ, ಸೋರುವುದು ನಮ್ಮ ಅಜ್ಞಾನದಿಂದ ಎಂಬ ಮಾತು ಮಕ್ಕಳ ಕಿವಿಗೆ ಹೋಯಿತು.

ಡ್ರಮ್ಮಿನ ಅಬ್ಬರದಲ್ಲಿ ಶರೀಫರ ಮೆಲುದನಿಯ ಚುಚ್ಚುಮಾತು ಅಲ್ಲಲ್ಲಿ ಮುಳುಗುತ್ತದೆ, ನಿಜ. ಆದರೆ ಏಕತಾರಿ ಕೇಳಿ ಯಾವ ಮಗುವೂ ನಮ್ಮನ್ನು ಅರ್ಥ ಕೇಳಿರಲಿಲ್ಲ. ಈಗ ಗುಡಗುಡಿಯ ಸರದಿ. ಹುಕ್ಕಾ ಸೇದುವ ಪದವನ್ನು ಮಕ್ಕಳಿಗೆ ವಿವರಿಸುವುದು ಹೇಗೋ!