ಅವ್ವನ ಸಂಚಿ ಮತ್ತು ಬೇಸಿಗೆಯ ಕೈಚೀಲ

ಕಳೆದ ಏಪ್ರಿಲ್ ತಿಂಗಳ ಒಂದು ಸಂಜೆ ಬೆಂಗಳೂರಿನಿಂದ ಮಗಳ ಫೋನ್ ಬಂತು. ಕುಶಲ ಸಮಾಚಾರ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು.

"ಅವ್ವಾ, ಮೇ ತಿಂಗಳದಾಗ ಬಾಗಲಕೋಟ್ಯಾಗ ನನ್ನ ಗೆಳತಿ ಮದಿವಿ ಐತಿ. ಬ್ಯಾಸಿಗ್ಯಾಗ ಹಿಡಕೊಳ್ಳಾಕ ಒಂದು ವಿಂಟೇಜ್ ನಮೂನಿ ಬ್ಯಾಗ್ ಬೇಕಾಗೇತಿ. ನಿನ್ನ ಹತ್ರ ಹಳೇವು ಅದಾವಲ್ಲ?"

"ನನ್ನ ಹತ್ರ ಇರೋ ಹಳೇ ಸಾಮಾನು ಅಂದ್ರ ನಾನೇ ನೋಡವಾ" ಎಂದು ನಕ್ಕೆ. ಆದರೆ ಆ ಮಾತು ಅಲ್ಲಿಗೇ ಮುಗಿಯಲಿಲ್ಲ. ಮೂವತ್ತಾರು ವರ್ಷ ಪಾಠ ಹೇಳಿದ ಚಾಳಿಯೋ ಏನೋ, ಯಾವ ಪದ ಕಿವಿಗೆ ಬಿದ್ದರೂ ಅದರ ಮೂಲ ಹುಡುಕದೆ ನನಗೆ ನಿದ್ದೆ ಬಾರದು. ವಿಂಟೇಜ್ ಎಂಬುದು ಮೂಲತಃ ದ್ರಾಕ್ಷಿಯ ಸುಗ್ಗಿಗೆ ಸಂಬಂಧಿಸಿದ ಮಾತು. ಇಂಥ ವರ್ಷದ ಬೆಳೆಯ ದ್ರಾಕ್ಷಾರಸ ಎಂದು ಗುರುತಿಸಲು ಬಳಕೆಯಾದ ಪದ, ಬರಬರುತ್ತ ಒಳ್ಳೆಯ ಹಳೆಯ ವಸ್ತುಗಳಿಗೆಲ್ಲ ಅಂಟಿಕೊಂಡಿತು. ನಿಜವಾಗಿ ಹಳೆಯದಾದ ಚೀಲ ಬೇರೆ, ಹಳೆಯದರಂತೆ ಕಾಣಲೆಂದು ಹೊಸದಾಗಿ ಹೊಲಿದ ಚೀಲ ಬೇರೆ. ಮಗಳಿಗೆ ಬೇಕಾಗಿದ್ದುದು ಎರಡನೆಯದು.

ಕೈಚೀಲದ ವಿಷಯದಲ್ಲಿ ಬೇಸಿಗೆ ನನಗೆ ಕಲಿಸಿದ ಮೊದಲ ಪಾಠವನ್ನು ಇಲ್ಲಿ ಹೇಳಿಬಿಡುತ್ತೇನೆ. 1986ರಲ್ಲಿ ನಾನು ಪ್ರೌಢಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರಿದೆ. ಆಗಿನ್ನೂ ನಮ್ಮದು ಬಿಜಾಪುರ ಜಿಲ್ಲೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮೊದಲ ಸಂಬಳದಲ್ಲಿ ಹಳೆಯ ಬಾಗಲಕೋಟೆಯ ಪೇಟೆಯಲ್ಲಿ ಕಂದು ಬಣ್ಣದ ಚರ್ಮದ ಚೀಲವೊಂದನ್ನು ಕೊಂಡೆ. ಆ ಅಂಗಡಿಯಿದ್ದ ಬೀದಿ ಈಗ ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ. ಆದರೆ ಚೀಲದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಮರು ಬೇಸಿಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಬೇಕಾಯಿತು. ಕಿಕ್ಕಿರಿದ ಬಸ್ಸು, ಬೆಂಕಿಯಂತಹ ಬಿಸಿಲು. ಮೈಗೆ ಒತ್ತಿಕೊಂಡ ಚೀಲವನ್ನು ಎರಡು ತಾಸು ಹಿಡಿದು ನಿಂತಿದ್ದೆ. ಇಳಿದು ನೋಡುತ್ತೇನೆ, ಬೆವರಿಗೆ ಬಣ್ಣ ಬಿಟ್ಟು ನನ್ನ ಹಾಲುಬಣ್ಣದ ನೂಲಿನ ಸೀರೆಯ ಸೊಂಟದ ಮೇಲೆ ಹಸ್ತದಗಲದ ಕಂದು ಕಲೆ! ಅಂದು ದಿನವಿಡೀ ಸೆರಗನ್ನು ಎಳೆದು ಸಿಕ್ಕಿಸಿಕೊಂಡೇ ಉತ್ತರ ಪತ್ರಿಕೆ ತಿದ್ದಿದೆ. ಆ ಕಲೆ ಕೊನೆಗೂ ಹೋಗಲಿಲ್ಲ.

ಮಗಳು ಊರಿಗೆ ಬಂದ ಮರುದಿನ ಇಬ್ಬರೂ ನವನಗರದ ಅಂಗಡಿಗೆ ಹೋದೆವು. ಅಲ್ಲಿ ಅವಳ ಕಣ್ಣು ಒಂದು ಚೀಲದ ಮೇಲೆ ಬಿತ್ತು. ಹಿತ್ತಾಳೆಯಂತೆ ತೋರುವ ಕೊಂಡಿ, ಅಂಚಿನಲ್ಲಿ ಬೇಕೆಂದೇ ಸವೆಸಿದ ಬಣ್ಣ, ಬೆಲೆ ಸಾವಿರದ ಎಂಟುನೂರು ರೂಪಾಯಿ. "ಚರ್ಮದ್ದೇನ್ರಿ?" ಎಂದು ಕೇಳಿದೆ. "ಪಿಯು ಲೆದರ್ ರೀ ಮೇಡಮ್" ಎಂದ ಅಂಗಡಿಯ ಹುಡುಗ.

ಪಿಯು ಎಂದರೆ ಪಾಲಿಯುರೆಥೇನ್. ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್ಕಿನ ತೆಳುವಾದ ಲೇಪ. ಗಾಳಿಯಲ್ಲಿನ ತೇವ ಮತ್ತು ಶಾಖ ಸೇರಿ ಆ ಲೇಪವನ್ನು ನಿಧಾನವಾಗಿ ಒಡೆಯುತ್ತವೆ. ಬಳಸದೆ ಕಪಾಟಿನಲ್ಲಿ ಇಟ್ಟರೂ ಕೆಲವೇ ವರ್ಷಗಳಲ್ಲಿ ಅದು ಹಪ್ಪಳದಂತೆ ಎದ್ದು ಉದುರುತ್ತದೆ. ಅಪ್ಪಟ ಚರ್ಮಕ್ಕೂ ಬೇಸಿಗೆ ಒಗ್ಗದು. ಅದರೊಳಗಿನ ಎಣ್ಣೆಯ ಅಂಶ ಆರಿ ಬಿರುಸಾಗುತ್ತದೆ, ಬಿರುಕು ಬಿಡುತ್ತದೆ. ಆದರೂ ಚರ್ಮವನ್ನು ಎಣ್ಣೆ ಸವರಿ ಉಳಿಸಿಕೊಳ್ಳಬಹುದು, ಪಿಯುವಿಗೆ ಆ ದಾರಿಯೂ ಇಲ್ಲ. ಹಳೆಯದರಂತೆ ಕಾಣುವಂತೆ ಮಾಡಿದ ಈ ವಸ್ತು, ನಿಜವಾಗಿ ಹಳೆಯದಾಗುವಷ್ಟು ದಿನ ಬಾಳುವುದೇ ಇಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ನೆನಪಾಯಿತು.

"ಹಂಗಾರ ಏನು ಹಿಡಕೊಳ್ಳಲಿ?" ಎಂದಳು ಮಗಳು, ಸ್ವಲ್ಪ ಮುನಿಸಿನಿಂದಲೇ.

ಮನೆಗೆ ಬಂದು ಇಬ್ಬರೂ ಕೂತು ಮಾತಾಡಿದೆವು. ಇಂದು ಜಗತ್ತು ಅನುಕರಿಸುವ ಹಳೆಯ ಮಾದರಿಗಳು ಹೇಗೆ ಹುಟ್ಟಿದವು ಎಂಬುದು ಸ್ವಾರಸ್ಯದ ಸಂಗತಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ಬಟ್ಟೆಯ ಜೇಬು ಕಟ್ಟಿಕೊಳ್ಳುತ್ತಿದ್ದರು. ಶತಮಾನದ ಕೊನೆಗೆ ಮೈಗೆ ಅಂಟುವ ತೆಳು ಉಡುಪು ಬಂದಾಗ ಜೇಬಿಗೆ ಜಾಗವಿಲ್ಲದಾಯಿತು. ಆಗ ರೆಟಿಕ್ಯೂಲ್ ಎಂಬ ದಾರದ ಪುಟ್ಟ ಚೀಲ ಅವರ ಕೈಗೆ ಬಂತು. ಎರಡನೆಯ ಮಹಾಯುದ್ಧದ ನಂತರ ಚರ್ಮವೇ ಮೊದಲಾದ ಸಾಮಗ್ರಿಗಳ ಅಭಾವವಿದ್ದಾಗ, 1947ರಲ್ಲಿ ಇಟಲಿಯ ಗುಚ್ಚಿಯವರು ಬಿದಿರನ್ನು ಕಾಯಿಸಿ ಬಾಗಿಸಿ ಚೀಲಕ್ಕೆ ಹಿಡಿಕೆ ಮಾಡಿದರು. 1955ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಕೊಕೊ ಶನೆಲ್, ಹೆಂಗಸರ ಕೈ ಬಿಡುವಾಗಲೆಂದು ಭುಜಕ್ಕೆ ತೂಗುವ ಸರಪಳಿಯ ಚೀಲವನ್ನು ಹೊರತಂದರು. ಜೇನ್ ಬರ್ಕಿನ್ ಎಂಬ ನಟಿ ಹೋದಲ್ಲೆಲ್ಲ ಹುಲ್ಲಿನ ಬುಟ್ಟಿಯನ್ನೇ ಹಿಡಿದು ತಿರುಗುತ್ತಿದ್ದವರು. ಅವರ ಹೆಸರಿನಲ್ಲಿ ಮುಂದೆ ಹುಟ್ಟಿದ ಚರ್ಮದ ಚೀಲದ ಮೊತ್ತಮೊದಲ ಪ್ರತಿ 2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 86 ಲಕ್ಷ ಯೂರೊಗೆ ಹೋಯಿತು!

ಇವುಗಳಲ್ಲಿ ಯಾವುದೂ ಹಳೆಯದಾಗಿ ಕಾಣಲೆಂದು ಹುಟ್ಟಿದ್ದಲ್ಲ. ಪ್ರತಿಯೊಂದೂ ಅಂದಿನ ಒಂದು ಅಗತ್ಯಕ್ಕೆ, ಅಂದು ಸಿಗುತ್ತಿದ್ದ ಸಾಮಗ್ರಿಯಿಂದ ರೂಪುಗೊಂಡಿತ್ತು. ಹಾಗಾದರೆ ನಮ್ಮ ಬಿಸಿಲಿಗೆ, ನಮ್ಮ ಹೆಂಗಸರ ಅಗತ್ಯಕ್ಕೆ ಹುಟ್ಟಿದ ಚೀಲ ಯಾವುದು? ಈ ಪ್ರಶ್ನೆ ಬಂದಾಗ ನಾನು ಎದ್ದು ಹೋಗಿ ಟ್ರಂಕು ತೆರೆದೆ. ಅಡಿಯಲ್ಲಿ ಅವ್ವನ ಎಲೆಯಡಿಕೆ ಸಂಚಿ ಇತ್ತು.

ಸಂಚಿ ಎಂದೊಡನೆ ಕನ್ನಡದ ಮೇಷ್ಟರಿಗೆಲ್ಲ ಸಂಚಿಯ ಹೊನ್ನಮ್ಮ ನೆನಪಾಗುತ್ತಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು ಹದಿಬದೆಯ ಧರ್ಮವನ್ನು ಬರೆದವಳು. ಹೆಣ್ಣೆಂದು ಹೀಗಳೆಯುವವರನ್ನು ಆ ಕಾಲದಲ್ಲೇ ಪ್ರಶ್ನಿಸಿದವಳು. ಅವಳ ಹೆಸರಿನ ಹಿಂದೆಯೇ ಒಂದು ಚೀಲವಿದೆ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ನಮ್ಮ ಅವ್ವ ಅಕ್ಷರ ಕಲಿತವಳಲ್ಲ. ಗುಳೇದಗುಡ್ಡದಲ್ಲಿ ನಮ್ಮಪ್ಪ ಖಣದ ಮಗ್ಗ ನೇಯುತ್ತಿದ್ದರು, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದಲ್ಲಿ ಉಳಿದ ಖಣದ ತುಂಡುಗಳನ್ನು ಜೋಡಿಸಿ, ಹಳೆಯ ಧೋತರದ ಅಸ್ತರ ಕೊಟ್ಟು ಅವಳು ತಾನೇ ಹೊಲಿದುಕೊಂಡ ಸಂಚಿ ಅದು. ಎಲೆಗೊಂದು ಅರೆ, ಅಡಿಕೆಗೊಂದು ಅರೆ, ಸುಣ್ಣದ ಡಬ್ಬಿಗೊಂದು ಅರೆ. ಎಲ್ಲಕ್ಕೂ ಒಳಗೆ, ಗೊತ್ತಿಲ್ಲದವರ ಬೆರಳಿಗೆ ಸಿಗದಂತೆ, ಇನ್ನೊಂದು ಪುಟ್ಟ ಕಿಸೆ. ದಾರ ಎಳೆದರೆ ಬಾಯಿ ಮುಚ್ಚುತ್ತಿತ್ತು, ಸೊಂಟಕ್ಕೆ ಸಿಕ್ಕಿಸಿದರೆ ಭಾರವೇ ಇಲ್ಲ. ನೂಲಿನ ಬಟ್ಟೆ ಬೆವರು ಹೀರಿ ಗಾಳಿಗೆ ಆರುತ್ತಿತ್ತು.

ಆ ಒಳಗಿನ ಕಿಸೆಯಿಂದಲೇ ನಾನು ಬಿ.ಎಡ್. ಓದಿದ್ದು. ಡಿಗ್ರಿ ಮುಗಿದ ಮೇಲೆ "ಇನ್ನ ಸಾಲಿ ಸಾಕು, ವರ ನೋಡೂಣು" ಎಂದಿದ್ದರು ಅಪ್ಪ. ಅವರು ಕೆಟ್ಟವರಲ್ಲ, ಕೈಯಲ್ಲಿ ಕಾಸಿರಲಿಲ್ಲ. ಆ ರಾತ್ರಿ ಅವ್ವ ಸಂಚಿ ಬಿಚ್ಚಿ, ಬೀಡಿಯಂತೆ ಸುತ್ತಿಟ್ಟ ನೋಟುಗಳನ್ನು ನನ್ನ ಮುಂದೆ ಇಟ್ಟಳು. ಆರುನೂರಾ ನಲವತ್ತು ರೂಪಾಯಿ. ಕಂಡಿಕೆ ಸುತ್ತಿದ ಕೂಲಿಯಲ್ಲಿ ಎಷ್ಟು ವರ್ಷ ಕೂಡಿಟ್ಟಿದ್ದಳೋ! "ನಿಮ್ಮಪ್ಪನ್ನ ಕೇಳಬ್ಯಾಡ, ನಾ ಹೇಳತೀನಿ, ನೀ ಹೋಗಿ ಹೆಸರು ಹಚ್ಚು" ಎಂದಳು.

ಇನ್ನು ನನ್ನ ಚರ್ಮದ ಚೀಲದ ಕಥೆ ಕೇಳಿ. ತಿಂಗಳಿಗೊಮ್ಮೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಸಂಬಳ ಎಣಿಸಿಕೊಳ್ಳುತ್ತಿದ್ದವಳು ನಾನು. ಮದುವೆಯಾದ ಮೇಲೆ ಆ ಹಣ ನೆಟ್ಟಗೆ ಯಜಮಾನರ ಕೈಗೆ ಹೋಗುತ್ತಿತ್ತು. ಮುಂದೆ ಸಂಬಳ ಬ್ಯಾಂಕಿಗೆ ಜಮೆಯಾಗತೊಡಗಿದಾಗ ಪಾಸ್‌ಬುಕ್ಕು ಅವರ ಕಪಾಟು ಸೇರಿತು. ನನ್ನ ಚೀಲದಲ್ಲಿ ಇರುತ್ತಿದ್ದದ್ದು ಕೆಂಪು ಪೆನ್ನು, ಕನ್ನಡಕ, ಬಸ್ಸಿನ ಚಿಲ್ಲರೆ. ನನಗದು ತಪ್ಪೆಂದು ಅನ್ನಿಸಿರಲೇ ಇಲ್ಲ. 2003ರಲ್ಲಿ ಅವ್ವ ಹಾಸಿಗೆ ಹಿಡಿದಾಗ ಔಷಧಕ್ಕೆಂದು ಎರಡು ಸಾವಿರ ರೂಪಾಯಿ ಬೇಕಾಯಿತು. ಯಜಮಾನರು ಇಲ್ಲವೆನ್ನಲಿಲ್ಲ. "ಎಷ್ಟು?" ಎಂದರು, ಎಣಿಸಿ ಕೊಟ್ಟರು. ಆದರೆ ನಾನು ಕೇಳಿಯೇ ಪಡೆಯಬೇಕಾಗಿತ್ತು! ಹದಿನೇಳು ವರ್ಷ ದುಡಿದ, ಪದವಿ ಪಡೆದ ನನ್ನ ಚೀಲಕ್ಕಿಂತ, ಅಕ್ಷರ ಬಾರದ ಅವ್ವನ ಸಂಚಿ ತುಂಬಿತ್ತು ಎಂಬುದು ಅಂದು ನನಗೆ ಹೊಳೆಯಿತು. ಆ ಬೇಸಿಗೆಯಲ್ಲೇ ಅವ್ವ ಹೋದಳು. ಸಂಚಿ ನನ್ನ ಪಾಲಿಗೆ ಬಂತು. ಒಳಗಿನ ಕಿಸೆಯಲ್ಲಿ ಹತ್ತರ ಮೂರು ನೋಟು, ಒಣಗಿದ ಒಂದು ಅಡಿಕೆ ಹೋಳು ಇದ್ದವು. ದಿನಕರ್ಮಗಳು ಮುಗಿದ ಮೇಲೆ ಕಪಾಟಿನಿಂದ ಪಾಸ್‌ಬುಕ್ಕು ತೆಗೆದು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಯಜಮಾನರು ನೋಡಿದರು, ಏನೂ ಅನ್ನಲಿಲ್ಲ. ಆ ಮೌನಕ್ಕಾಗಿ ಅವರಿಗೆ ಇಂದಿಗೂ ಕೃತಜ್ಞಳಾಗಿದ್ದೇನೆ.

ಇದನ್ನೆಲ್ಲ ಮಗಳಿಗೆ ಅಂದೇ ಮೊದಲ ಬಾರಿ ಹೇಳಿದೆ. ಅವಳು ಬಹಳ ಹೊತ್ತು ಸಂಚಿಯನ್ನು ಮಗುಚಿ ಮಗುಚಿ ನೋಡಿದಳು. ಬಳಿಕ ತಾನೇ, "ಅವ್ವಾ, ಇದರ ಅಳತಿಗೇನ ಸ್ವಲ್ಪ ದೊಡ್ಡದು ಹೊಲಿಸೂಣು" ಎಂದಳು.

ಗುಳೇದಗುಡ್ಡದಿಂದ ಖಣ ತರಿಸಿದೆವು. ಈಗ ಪಾಲಿಯೆಸ್ಟರ್ ಖಣವೂ ಧಾರಾಳವಾಗಿ ಸಿಗುತ್ತದೆ. ಆದ್ದರಿಂದ ಅಂಚಿನ ನಾಲ್ಕೆಳೆ ನೂಲು ಕಿತ್ತು ಸುಟ್ಟು ನೋಡಿದೆ. ಹತ್ತಿಯ ನೂಲಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಖಣದ ಮೇಲೆ ಉಜ್ಜಿ, ಬಣ್ಣ ಬಿಡುವುದೋ ಎಂದೂ ಪರೀಕ್ಷಿಸಿದೆ. ಸೀರೆಯ ಕಲೆ ಕಲಿಸಿದ ಪಾಠವನ್ನು ಹೇಗೆ ಮರೆಯಲಿ? ಮಗಳಿಗೆ ಕಸೂತಿಯ ಆಸೆಯೂ ಇತ್ತು. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿ ಒಂದೇ ರೀತಿ ಕಾಣುತ್ತವೆ, ಗಂಟು ಹಾಕುವಂತಿಲ್ಲ. ನೇಯ್ಗೆ, ಮೆಂತೆ ಹೊಲಿಗೆಗಳ ಎಳೆಗಳು ಹಿಂಬದಿಗೆ ಸಡಿಲವಾಗಿ ಉಳಿಯುವುದರಿಂದ ಬೀಗದ ಕೈಗೆ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಮುಚ್ಚಳದ ಪಟ್ಟಿಯ ಮೇಲೆ ಮಾತ್ರ ಗವಂತಿಯ ಒಂದು ಸಣ್ಣ ತೇರು.

ಉಳಿದದ್ದೆಲ್ಲ ದರ್ಜಿಗೆ ಹೇಳಿದ ಮಾತು. ಆಕಾರ ನಿಲ್ಲಲು ಬಕ್ರಂ ಇರಲಿ, ಆದರೆ ಅಸ್ತರ ತಿಳಿಬಣ್ಣದ ನೂಲಿನದೇ ಆಗಲಿ; ಕಪ್ಪು ಅಸ್ತರದಲ್ಲಿ ಬಿದ್ದ ವಸ್ತು ಕಾಣುವುದಿಲ್ಲ. ಲೋಹದ ಸರಪಳಿ ಬೇಡ, ಬಿಸಿಲಲ್ಲಿ ಕಾದು ಹೆಗಲು ಸುಡುತ್ತದೆ. ನೂಲಿನ ಅಗಲ ಪಟ್ಟಿಯೇ ಬರಲಿ. ಅರ್ಧ ಲೀಟರಿನ ನೀರಿನ ಬಾಟಲಿ ನೆಟ್ಟಗೆ ನಿಲ್ಲುವಷ್ಟು ಆಳವಿರಲಿ. ನೀರಿಗೆ ಜಾಗವಿಲ್ಲದ ಚೀಲ ಎಷ್ಟು ಚೆಂದವಿದ್ದರೂ ನಮ್ಮ ಮೇ ತಿಂಗಳಿಗೆ ನಿರುಪಯೋಗಿ. ಕೊನೆಯದಾಗಿ, ಚೈನಿನ ಹಿಂದೆ, ಯಾರಿಗೂ ಕಾಣದಂತೆ, ನಾಲ್ಕು ಬೆರಳಗಲದ ಒಂದು ಕಿಸೆ. ಬಟ್ಟೆ, ಕೂಲಿ ಎಲ್ಲ ಸೇರಿ ಏಳುನೂರು ರೂಪಾಯಿಗೆ ಮುಗಿಯಿತು.

ಮದುವೆಯ ದಿನ ಚೀಲವನ್ನು ಹೆಗಲಿಗೇರಿಸುವ ಮುನ್ನ ಮಗಳು ಒಳಗೆ ಕೈಯಾಡಿಸಿ, "ಇಷ್ಟು ಸಣ್ಣ ಕಿಸೆದಾಗ ಏನಿಡೂದು? ಈಗ ರೊಕ್ಕ ಎಲ್ಲಾ ಫೋನಿನ್ಯಾಗ ಇರತೈತಿ" ಎಂದಳು. ಅವಳ ಸಂಬಳದ ಬಹುಪಾಲು ಮನೆಯ ಸಾಲದ ಕಂತಿಗೆ ಹೋಗುತ್ತದೆಂದು ನನಗೆ ಗೊತ್ತು. ಆ ಫೋನಿನೊಳಗಿನ ಲೆಕ್ಕ ಯಾರ ಕಣ್ಣಿಗೆಲ್ಲ ಬೀಳುತ್ತದೆ ಎಂಬುದು ಗೊತ್ತಿಲ್ಲ; ಅದನ್ನು ಕೇಳುವ ಹಕ್ಕು ತಾಯಿಗೂ ಇಲ್ಲ. "ನಿನಗ ತಿಳಿದದ್ದು ಇಡು. ಏನಿಟ್ಟಿ ಅಂತ ಯಾರಿಗೂ ಹೇಳಬ್ಯಾಡ, ನನಗೂ ಹೇಳಬ್ಯಾಡ" ಎಂದೆ.

ಕಳೆದ ವಾರ ಮತ್ತೆ ಫೋನ್ ಮಾಡಿದ್ದಳು. ಚೀಲವನ್ನು ದಿನಾಲು ಆಫೀಸಿಗೂ ಒಯ್ಯುತ್ತಿದ್ದಾಳಂತೆ, ತಣ್ಣೀರಿನಲ್ಲಿ ಒಮ್ಮೆ ಒಗೆದಳಂತೆ, ಬಣ್ಣ ಬಿಡಲಿಲ್ಲವಂತೆ. ಒಳಗಿನ ಕಿಸೆಯ ಸುದ್ದಿಯನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ.